ರಕ್ತದಲ್ಲಿನ ಧೂಳು: ಜೀವಕೋಶಗಳು ಕಳಚುವ ಪೊರೆಚೀಲಗಳು

ಮನುಷ್ಯನ ರಕ್ತದಲ್ಲಿ ಕೆಂಪು ಕಣ, ಬಿಳಿಯ ಕಣ ಮತ್ತು ಕಿರುತಟ್ಟೆ ಎಂಬ ಮೂರು ಬಗೆಯ ಘಟಕಗಳಿವೆಯೆಂದೂ, ಇವು ಪ್ಲಾಸ್ಮಾ ಎಂಬ ತಿಳಿಹಳದಿ ದ್ರವದಲ್ಲಿ ತೇಲುತ್ತಿರುತ್ತವೆಯೆಂದೂ ಶಾಲೆಯ ಪಠ್ಯಪುಸ್ತಕಗಳು ಹೇಳುತ್ತವೆ. ಈ ಮಾತು ಸರಿಯಾದುದೇ, ಆದರೆ ಪೂರ್ಣವಲ್ಲ. ಈ ಮೂರು ಬಗೆಯ ಕಣಗಳನ್ನು ಬೇರ್ಪಡಿಸಿ ತೆಗೆದ ಮೇಲೂ ಪ್ಲಾಸ್ಮಾದಲ್ಲಿ ಅಸಂಖ್ಯಾತ ಸೂಕ್ಷ್ಮ ಚೀಲಗಳು ಉಳಿದಿರುತ್ತವೆ. ಜೀವಕೋಶಗಳು ತಮ್ಮ ಹೊರಪೊರೆಯನ್ನೇ ತುಣುಕು ತುಣುಕಾಗಿ ಕಳಚಿ ಬಿಡುವುದರಿಂದ ಹುಟ್ಟುವ ಈ ಚೀಲಗಳನ್ನು ವಿಜ್ಞಾನಿಗಳು ಬಹುಕಾಲ ಕಸವೆಂದೇ ಭಾವಿಸಿದ್ದರು. ಗಾಯವಾದಾಗ ರಕ್ತ ನಿಲ್ಲುವುದರಲ್ಲಿಯೂ, ಕುಡಗೋಲು ಕಣ ರೋಗ, ಡೆಂಗೆ, ಮಲೇರಿಯ ಮೊದಲಾದ ಕಾಯಿಲೆಗಳಲ್ಲಿಯೂ, ರಕ್ತನಿಧಿಯಲ್ಲಿ ಕಾದಿರಿಸಿದ ರಕ್ತದ ಗುಣಮಟ್ಟದಲ್ಲಿಯೂ ಇವುಗಳಿಗೆ ಪಾತ್ರವಿದೆಯೆಂಬುದು ಈಗ ತಿಳಿದುಬಂದಿದೆ.

ಇವುಗಳ ಗಾತ್ರವನ್ನು ಊಹಿಸಿಕೊಳ್ಳುವುದು ಸುಲಭವಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರೋಮೀಟರ್ ಎಂದೂ, ಅದರ ಸಾವಿರದ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದೂ ಹೆಸರು. ಕೆಂಪು ರಕ್ತಕಣದ ಅಡ್ಡಳತೆ 7ರಿಂದ 8 ಮೈಕ್ರೋಮೀಟರ್. ಪ್ಲೇಟ್‌ಲೆಟ್ ಎಂದು ಜನ ಬಲ್ಲ ಕಿರುತಟ್ಟೆಯದು 2ರಿಂದ 3 ಮೈಕ್ರೋಮೀಟರ್. ಪೊರೆಚೀಲಗಳಾದರೋ ಸುಮಾರು 30 ನ್ಯಾನೋಮೀಟರಿನಿಂದ ಮೊದಲಾಗಿ ಹೆಚ್ಚೆಂದರೆ 1 ಮೈಕ್ರೋಮೀಟರಿನವರೆಗೆ ಇರುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ ಸುಮಾರು 400ರಿಂದ 700 ನ್ಯಾನೋಮೀಟರ್ ಆಗಿರುವುದರಿಂದ, ಇವುಗಳಲ್ಲಿ ಬಹುಪಾಲು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣಸಿಗುವುದಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ನೋಡುವವರ ಕಣ್ಣಿಗೆ ಇವು ಬೀಳದೇ ಇದ್ದುದಕ್ಕೆ ಇದೇ ಕಾರಣ.

ಧೂಳು ಎಂಬ ಹೆಸರು ಬಂದ ಬಗೆ

ಕಿರುತಟ್ಟೆಗಳನ್ನು ಸ್ಪಷ್ಟವಾಗಿ ಗುರುತಿಸಿ ಅವುಗಳ ಕೆಲಸವನ್ನು ವಿವರಿಸಿದವನು ಇಟಲಿಯ ಟ್ಯೂರಿನ್ ನಗರದ ವೈದ್ಯ ಜ್ಯೂಲಿಯೊ ಬಿಟ್ಸೊಜೆರೊ. ಕಾಲ 1881-82. ಅಸ್ಥಿಮಜ್ಜೆಯಲ್ಲಿನ ಮೆಗಾಕೇರಿಯೊಸೈಟ್ ಎಂಬ ಬೃಹತ್ ಕೋಶಗಳು ಒಡೆದು ಇವು ಹುಟ್ಟುತ್ತವೆಂದು 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತೋರಿಸಿದನು. ಅಂದರೆ ಕಿರುತಟ್ಟೆಯೇ ಒಂದು ದೊಡ್ಡ ಕೋಶದ ಚೂರು. ಪೊರೆಚೀಲವು ಆ ಚೂರಿನ ಚೂರು.

1946ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಅರ್ವಿನ್ ಚಾರ್ಗಾಫ್ ಮತ್ತು ರಾಂಡಾಲ್ಫ್ ವೆಸ್ಟ್ ಎಂಬ ವಿಜ್ಞಾನಿಗಳು ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಅಭ್ಯಸಿಸುತ್ತಿದ್ದರು. ಕಿರುತಟ್ಟೆಗಳನ್ನು ತೆಗೆದುಹಾಕಿದ ಪ್ಲಾಸ್ಮಾವನ್ನು ಅವರು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಅತಿವೇಗವಾಗಿ ತಿರುಗಿಸಿದರು. ಹಾಗೆ ತಿರುಗಿಸಿದ ಮೇಲೆ ಮೇಲ್ಭಾಗದಲ್ಲಿ ಉಳಿದ ತಿಳಿಯು ಹೆಪ್ಪುಗಟ್ಟಲು ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ತಳದಲ್ಲಿ ಕುಳಿತ ಗಸಿಯಲ್ಲಿ ಹೆಪ್ಪುಗಟ್ಟಿಸುವ ಶಕ್ತಿ ಅಧಿಕವಾಗಿತ್ತು. ಕಣಗಳೇ ಇಲ್ಲವೆಂದು ನಂಬಿದ್ದ ದ್ರವದಲ್ಲಿ ತೂಕವುಳ್ಳದ್ದು ಏನೋ ಇದ್ದಿತೆಂಬುದು ಇದರಿಂದ ಖಚಿತವಾಯಿತು. ಮುಂದೆ ಡಿಎನ್ಎ ಕುರಿತ ನಿಯಮಗಳಿಂದ ಪ್ರಸಿದ್ಧನಾದವನು ಇದೇ ಚಾರ್ಗಾಫ್. 1967ರಲ್ಲಿ ಬ್ರಿಟನ್ನಿನ ಪೀಟರ್ ವುಲ್ಫ್ ಆ ಗಸಿಯನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಅದು ಕಿರುತಟ್ಟೆಗಳಿಂದ ಬಂದ ಸೂಕ್ಷ್ಮ ದ್ರವ್ಯವೆಂದು ತಿಳಿಸಿದನು; ಅದನ್ನು ಕಿರುತಟ್ಟೆಗಳ ಧೂಳು ಎಂದು ಕರೆದನು. ಹೆಸರು ಅಂಟಿಕೊಂಡಿತು. ಧೂಳಿನ ಮೇಲೆ ಹೆಚ್ಚಿನ ಆಸಕ್ತಿ ಯಾರಿಗೂ ಹುಟ್ಟದೇ ಇರುವುದಕ್ಕೆ ಆ ಹೆಸರೂ ಒಂದು ಕಾರಣವಾಗಿದ್ದಿರಬಹುದು.

ಹೆಪ್ಪು ಕೂರುವ ನೆಲೆ

ಹಾಲಿಗೆ ಹೆಪ್ಪು ಹಾಕುವುದಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಬಳಕೆಯಲ್ಲಿದೆ. ಹಾಲಿನಲ್ಲಿ ನಡೆಯುವುದು ಸೂಕ್ಷ್ಮಜೀವಿಗಳ ಕೆಲಸ. ರಕ್ತದಲ್ಲಿ ನಡೆಯುವುದು ಪ್ರೋಟೀನುಗಳ ಸರಪಣಿ ಕ್ರಿಯೆ. ಈ ಪ್ರೋಟೀನುಗಳು ಪ್ಲಾಸ್ಮಾದಲ್ಲಿ ಸದಾ ಇರುತ್ತವೆ. ಆದರೂ ರಕ್ತ ನಾಳದೊಳಗೇ ಗಟ್ಟಿಯಾಗುವುದಿಲ್ಲ. ಅವು ಒಂದೆಡೆ ಸೇರಿ ಕೆಲಸ ಮಾಡಲು ಒಂದು ಹಾಸು ಬೇಕು. ಆ ಹಾಸನ್ನು ಒದಗಿಸುವುದೇ ಕಿರುತಟ್ಟೆಯ ಪೊರೆ.

ಪ್ರತಿಯೊಂದು ಜೀವಕೋಶದ ಪೊರೆಯೂ ಕೊಬ್ಬಿನ ಅಣುಗಳ ಎರಡು ಪದರಗಳಿಂದ ಆಗಿರುತ್ತದೆ. ಆ ಅಣುಗಳಲ್ಲಿ ಫಾಸ್ಫಟೈಡಿಲ್ ಸೆರೀನ್ ಎಂಬುದೊಂದು. ಕೋಶವು ಆರೋಗ್ಯವಾಗಿರುವಷ್ಟು ಕಾಲ ಅದನ್ನು ಒಳಪದರದಲ್ಲಿಯೇ ಮುಚ್ಚಿಟ್ಟುಕೊಳ್ಳುತ್ತದೆ. ಹೊರಗೆ ಜಾರಿದರೆ ಎಳೆದು ಒಳಕ್ಕೆ ಹಾಕುವ ಪ್ರೋಟೀನುಗಳು ಪೊರೆಯಲ್ಲಿಯೇ ಇವೆ, ಮತ್ತು ಈ ಕೆಲಸಕ್ಕೆ ಕೋಶವು ಶಕ್ತಿಯನ್ನು ವ್ಯಯಿಸುತ್ತದೆ. ರಕ್ತನಾಳ ಕತ್ತರಿಸಿದಾಗ ಕಿರುತಟ್ಟೆಗಳು ಗಾಯದ ಅಂಚಿಗೆ ಅಂಟಿಕೊಂಡು ಉದ್ದೀಪನಗೊಳ್ಳುತ್ತವೆ. ಆಗ ಅವುಗಳೊಳಗೆ ಕ್ಯಾಲ್ಸಿಯಂ ಮಟ್ಟ ಏರುತ್ತದೆ. ಎಳೆದು ಹಾಕುವ ವ್ಯವಸ್ಥೆ ನಿಂತು, ಎರಡೂ ಪದರಗಳ ಅಣುಗಳನ್ನು ಕಲಸಿಬಿಡುವ ಮತ್ತೊಂದು ಪ್ರೋಟೀನು ಚುರುಕಾಗುತ್ತದೆ. ಇದೇ ವೇಳೆಗೆ ಪೊರೆಯನ್ನು ಒಳಗಿನಿಂದ ಹಿಡಿದಿಟ್ಟಿದ್ದ ಎಳೆಗಳ ಚೌಕಟ್ಟನ್ನು ಕಿಣ್ವಗಳು ಕತ್ತರಿಸುತ್ತವೆ. ಆಸರೆ ತಪ್ಪಿದ ಪೊರೆ ಅಲ್ಲಲ್ಲಿ ಉಬ್ಬಿ, ಕುತ್ತಿಗೆ ಕಿರಿದಾಗಿ, ಚೀಲವಾಗಿ ಕಳಚಿಕೊಳ್ಳುತ್ತದೆ.

ಹೀಗೆ ಕಳಚಿದ ಚೀಲದ ಹೊರಮೈಯಲ್ಲಿ ಫಾಸ್ಫಟೈಡಿಲ್ ಸೆರೀನ್ ದಟ್ಟವಾಗಿರುತ್ತದೆ. ಅದರ ಋಣ ವಿದ್ಯುದಂಶದ ಮೇಲೆ ಕ್ಯಾಲ್ಸಿಯಂ ಕೂರುತ್ತದೆ. ಕ್ಯಾಲ್ಸಿಯಮ್ಮಿನ ಮೂಲಕ, ವಿಟಮಿನ್ ಕೆ ನೆರವಿನಿಂದ ಯಕೃತ್ತಿನಲ್ಲಿ ತಯಾರಾದ ಹೆಪ್ಪುಕಾರಕ ಪ್ರೋಟೀನುಗಳು ಬಂದು ಅಂಟಿಕೊಳ್ಳುತ್ತವೆ. ಒಂದೇ ಅಳತೆಯ ಮೇಲ್ಮೈಯನ್ನು ಹೋಲಿಸಿದಲ್ಲಿ, ಉದ್ದೀಪನಗೊಂಡ ಕಿರುತಟ್ಟೆಗಿಂತ ಅದರಿಂದ ಕಳಚಿದ ಚೀಲವು ಹೆಪ್ಪುಗಟ್ಟಿಸುವುದರಲ್ಲಿ 50ರಿಂದ 100 ಪಟ್ಟು ಸಮರ್ಥವೆಂದು 2007ರಲ್ಲಿ ಪ್ರಕಟವಾದ ಪ್ರಯೋಗಗಳು ಕಂಡುಕೊಂಡವು. ಧೂಳೆಂದು ಕರೆದ ವಸ್ತುವಿಗೆ ಇದು ಸಣ್ಣ ಯೋಗ್ಯತೆಯಲ್ಲ.

ಈ ಪೊರೆ ಮಗುಚುವ ಕ್ರಿಯೆಯ ಮಹತ್ವವನ್ನು ನಿಸರ್ಗವೇ ಒಂದು ರೋಗದ ಮೂಲಕ ತೋರಿಸಿಕೊಟ್ಟಿದೆ. ಸ್ಕಾಟ್ ಸಿಂಡ್ರೋಮ್ ಎಂಬ ಅತಿ ವಿರಳವಾದ ಆನುವಂಶಿಕ ದೋಷವುಳ್ಳವರಲ್ಲಿ ಕಿರುತಟ್ಟೆಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಅವು ಗಾಯಕ್ಕೆ ಅಂಟಿಕೊಳ್ಳುತ್ತವೆ ಕೂಡ. ಆದರೆ ಫಾಸ್ಫಟೈಡಿಲ್ ಸೆರೀನ್ ಹೊರಗೆ ಬರುವುದಿಲ್ಲ, ಚೀಲಗಳೂ ಸರಿಯಾಗಿ ಕಳಚುವುದಿಲ್ಲ. ಹಲ್ಲು ಕೀಳಿಸಿಕೊಂಡಾಗ, ಹೆರಿಗೆಯಾದಾಗ ಅಂಥವರಿಗೆ ರಕ್ತಸ್ರಾವ ನಿಲ್ಲುವುದೇ ಕಷ್ಟವಾಗುತ್ತದೆ. 1979ರಲ್ಲಿ ವರದಿಯಾದ ಈ ದೋಷಕ್ಕೆ ಕಾರಣವಾದ ಜೀನ್ 2010ರಲ್ಲಿ ಪತ್ತೆಯಾಯಿತು. ಕಿರುತಟ್ಟೆಗಳ ಎಣಿಕೆಯೊಂದೇ ರಕ್ತ ನಿಲ್ಲುವ ಶಕ್ತಿಯ ಅಳತೆಯಲ್ಲವೆಂಬುದನ್ನು ಈ ರೋಗಿಗಳಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಿಲ್ಲ.

ಇಲ್ಲಿಯೇ ಕೊಳಕುಮಂಡಲದ ಹಾವಿನ ಪ್ರಸ್ತಾಪವೂ ಬರುತ್ತದೆ. ಅದರ ವಿಷವು ಹೆಪ್ಪುಗಟ್ಟುವ ಸರಪಣಿಯ ಹತ್ತನೆಯ ಅಂಶವನ್ನು ನೇರವಾಗಿ ಎಚ್ಚರಿಸಿಬಿಡುತ್ತದೆ. ಹೊಲದಲ್ಲಿ ಕಚ್ಚಿಸಿಕೊಂಡವರ ದೇಹದಲ್ಲಿ ಹೆಪ್ಪುಕಾರಕ ಪ್ರೋಟೀನುಗಳೆಲ್ಲ ಹೀಗೆ ವೃಥಾ ಖರ್ಚಾಗಿ, ಕೊನೆಗೆ ರಕ್ತವು ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ. ಒಣಗಿದ ಶುಭ್ರ ಗಾಜಿನ ಕೊಳವೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ನೋಡುವ ಪರೀಕ್ಷೆ ಇದನ್ನು ತಿಳಿಯಲೆಂದೇ ಇರುವುದು. ಅದೇ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿ, ಹೆಪ್ಪುಗಟ್ಟುವಿಕೆಗೆ ಪೊರೆಯ ಕೊಬ್ಬು ಎಷ್ಟು ಅಗತ್ಯವೆಂಬುದನ್ನು ಆಧರಿಸಿದ ಪರೀಕ್ಷೆಗಳನ್ನು ಪ್ರಯೋಗಾಲಯಗಳು ನಡೆಸುತ್ತವೆ.

ಬೇರೆ ಕೋಶಗಳ ಚೀಲಗಳು

ಪೊರೆ ಕಳಚುವುದು ಕಿರುತಟ್ಟೆಗಳ ಗುಣ ಮಾತ್ರವಲ್ಲ. 1983ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟನ್ ಅವರ ತಂಡವೂ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮತ್ತೊಂದು ತಂಡವೂ ಎಳೆಯ ಕೆಂಪು ಕಣಗಳು ಬಲಿಯುವಾಗ ತಮಗೆ ಇನ್ನು ಬೇಡವಾದ ಪ್ರೋಟೀನುಗಳನ್ನು ಕೋಶದ ಒಳಗೇ ತಯಾರಾದ ಸಣ್ಣ ಚೀಲಗಳಲ್ಲಿ ತುಂಬಿ ಹೊರದೂಡುವುದನ್ನು ಕಂಡವು. ಇವುಗಳಿಗೆ ಎಕ್ಸೋಸೋಮ್ ಎಂಬ ಹೆಸರಾಯಿತು. ಹೊರಪೊರೆಯಿಂದಲೇ ಉಬ್ಬಿ ಕಳಚುವವು ಒಂದು ಜಾತಿ, ಒಳಗೆ ತಯಾರಾಗಿ ಹೊರಬರುವವು ಇನ್ನೊಂದು ಜಾತಿ. ರಕ್ತದಿಂದ ಹೊರತೆಗೆದ ಮೇಲೆ ಯಾವುದು ಯಾವ ಜಾತಿಯೆಂದು ಹೇಳುವುದು ತಜ್ಞರಿಗೂ ಕಷ್ಟ. ಆದಕಾರಣ ಎರಡನ್ನೂ ಒಟ್ಟಾಗಿ ಕೋಶಬಾಹ್ಯ ಚೀಲಗಳೆಂದು ಕರೆಯುವುದು ಈಗಿನ ರೂಢಿ.

ಬಿಳಿಯ ಕಣಗಳು ಬಿಡುವ ಚೀಲಗಳು ರೋಗನಿರೋಧ ವ್ಯವಸ್ಥೆಗೆ ಸಂದೇಶ ನೀಡಬಲ್ಲವೆಂದು 1996ರಲ್ಲಿಯೂ, ಚೀಲಗಳ ಮೂಲಕ ಒಂದು ಕೋಶದ ಆರ್‌ಎನ್‌ಎ ಇನ್ನೊಂದು ಕೋಶವನ್ನು ಸೇರಿ ಅಲ್ಲಿ ಕೆಲಸ ಮಾಡಬಲ್ಲದೆಂದು 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿಯೂ ತೋರಿಸಲಾಯಿತು. ತಾಯಿಯ ಹಾಲು, ಜೊಲ್ಲು, ಮೂತ್ರ ಇವುಗಳಲ್ಲಿಯೂ ಇವು ಇವೆ. ಮೆದುಳಿಗೇರಿದ ಮಲೇರಿಯದಿಂದ ಎಚ್ಚರ ತಪ್ಪಿದ ಮಲಾವಿ ದೇಶದ ಮಕ್ಕಳ ರಕ್ತದಲ್ಲಿ, ರಕ್ತನಾಳದ ಒಳಪದರದಿಂದ ಕಳಚಿದ ಚೀಲಗಳು ಹೆಚ್ಚಾಗಿದ್ದುದು 2004ರಲ್ಲಿ ವರದಿಯಾಯಿತು.

ಕುಡಗೋಲು ಕಣ ರೋಗದಲ್ಲಿ

ಗುಜರಾತಿನ ವಡೋದರಾ ನಗರದ ಗೋರ್ವಾ ಎಂಬ ಭಾಗವು ಕಾರ್ಖಾನೆಗಳ ಪ್ರದೇಶವೆಂದು ಹೆಸರಾದುದು. 1907ರಲ್ಲಿ ವಡೋದರಾದಲ್ಲಿ ಟಿಂಕ್ಚರ್ ಮತ್ತು ಮದ್ಯಸಾರ ತಯಾರಿಕೆಯಿಂದ ಆರಂಭಗೊಂಡ ಅಲೆಂಬಿಕ್ ಔಷಧ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಈ ಪ್ರದೇಶದಲ್ಲಿ ಕೈಗಾರಿಕಾ ವಸಾಹತು ಇದೆ; ಕಾರ್ಮಿಕರಿಗಾಗಿ ರಾಜ್ಯ ವಿಮಾ ಯೋಜನೆಯ ಆಸ್ಪತ್ರೆಯೂ ಇದೆ. ಇಲ್ಲಿಂದ ಪೂರ್ವಕ್ಕೆ ಸಾಗಿದರೆ, 2013ರವರೆಗೆ ವಡೋದರಾ ಜಿಲ್ಲೆಗೇ ಸೇರಿದ್ದ ಛೋಟಾ ಉದೇಪುರದ ಬುಡಕಟ್ಟು ಪ್ರದೇಶ ಸಿಗುತ್ತದೆ. ಛೋಟಾ ಉದೇಪುರ, ನರ್ಮದಾ, ತಾಪಿ, ಡಾಂಗ್, ವಲಸಾಡ್ ಮೊದಲಾದ ಪೂರ್ವ ಪಟ್ಟಿಯ ಜಿಲ್ಲೆಗಳ ಆದಿವಾಸಿಗಳಲ್ಲಿ ಕುಡಗೋಲು ಕಣದ ಜೀನ್ ವ್ಯಾಪಕವಾಗಿದೆ. ಗುಜರಾತ್ ಸರ್ಕಾರವು 2006ರಲ್ಲಿ ಇದರ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು.

ಕನ್ನಡ ನಾಡಿಗೂ ಈ ರೋಗ ದೂರದ್ದಲ್ಲ. ಭಾರತದಲ್ಲಿ ಕುಡಗೋಲು ಕಣಗಳು ಮೊದಲು ಗುರುತಿಸಲ್ಪಟ್ಟುದೇ ಚಾಮರಾಜನಗರದ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಈ ರೋಗವುಳ್ಳವರಿದ್ದಾರೆ.

ಈ ರೋಗದಲ್ಲಿ ಹಿಮೋಗ್ಲೋಬಿನ್ನಿನ ಒಂದು ಸರಪಣಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಎಂಬ ಅಮೈನೋ ಆಮ್ಲ ಕುಳಿತಿರುತ್ತದೆ. ವ್ಯತ್ಯಾಸ ಅಷ್ಟೇ. ಆದರೆ ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಇಂಥ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ದುಂಡಗಿನ ಕಣ ಕುಡಗೋಲಿನಂತೆ ಬಾಗುತ್ತದೆ. ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ಪಡೆದಾಗ ಎಳೆಗಳು ಕರಗಿ ಕಣ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗುವುದು, ನೆಟ್ಟಗಾಗುವುದು ಪದೇ ಪದೇ ನಡೆಯುವಾಗ, ಎಳೆಗಳು ಚುಚ್ಚಿ ಎಬ್ಬಿಸಿದ ಪೊರೆಯ ಮೊನೆಗಳು ಹಿಂದಿರುಗದೆ ಹರಿದು ಚೀಲಗಳಾಗಿ ಬೇರ್ಪಡುತ್ತವೆ. ಪ್ರತಿ ಬಾರಿಯೂ ಕಣವು ಸ್ವಲ್ಪ ಪೊರೆಯನ್ನು ಕಳೆದುಕೊಳ್ಳುತ್ತದೆ. ಕೊನೆಗೆ ಅದು ಬಾಗಿದ ಸ್ಥಿತಿಯಲ್ಲಿಯೇ ಗಟ್ಟಿಯಾಗಿ ಉಳಿದುಬಿಡುತ್ತದೆ.

ಹರಿದ ಚೀಲಗಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವುಗಳೊಳಗೆ ಹಿಮೋಗ್ಲೋಬಿನ್ ತುಂಬಿರುತ್ತದೆ. ರಕ್ತನಾಳವನ್ನು ಸಡಿಲಗೊಳಿಸಿ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಈ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ, ನಾಳ ಬಿಗಿಯುತ್ತದೆ. ಕಬ್ಬಿಣವುಳ್ಳ ಹೀಮ್ ಎಂಬ ಅಂಶವನ್ನು ಚೀಲಗಳು ನಾಳದ ಒಳಪದರಕ್ಕೆ ಸಾಗಿಸಿ ಅದನ್ನು ಕೆರಳಿಸುತ್ತವೆಂದೂ ಪ್ರಯೋಗಗಳು ತೋರಿಸಿವೆ. ಹೊರಮೈಯ ಫಾಸ್ಫಟೈಡಿಲ್ ಸೆರೀನ್, ಗಾಯವೇ ಇಲ್ಲದ ಕಡೆ ಹೆಪ್ಪುಗಟ್ಟುವುದಕ್ಕೆ ಹಾಸು ಹಾಸುತ್ತದೆ. ಕೈಕಾಲು, ಬೆನ್ನು, ಎದೆಗಳಲ್ಲಿ ಥಟ್ಟನೆ ಏಳುವ, ಮಗುವನ್ನು ರಾತ್ರಿಯಿಡೀ ಚೀರುವಂತೆ ಮಾಡುವ ನೋವಿಗೆ ಬಾಗಿದ ಕಣಗಳು ನಾಳವನ್ನು ಮುಚ್ಚುವುದು ಮುಖ್ಯ ಕಾರಣ. ಈ ಚೀಲಗಳೂ ಆ ಹಾನಿಗೆ ತಮ್ಮ ಪಾಲನ್ನು ಸೇರಿಸುತ್ತವೆ.

ಆರೋಗ್ಯವಂತರಲ್ಲಿ ಇಂಥ ಕಸವನ್ನು ಗುಡಿಸುವ ಕೆಲಸ ಗುಲ್ಮ ಮತ್ತು ಯಕೃತ್ತಿನದು. ಫಾಸ್ಫಟೈಡಿಲ್ ಸೆರೀನ್ ಹೊರಗೆ ಕಂಡ ಕೂಡಲೇ ಅಲ್ಲಿನ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಕುಡಗೋಲು ಕಣ ರೋಗದಲ್ಲಿ ಗುಲ್ಮಕ್ಕೆ ಹೋಗುವ ನಾಳಗಳೇ ಮತ್ತೆ ಮತ್ತೆ ಮುಚ್ಚಿಹೋಗಿ, ಅನೇಕ ಮಕ್ಕಳಲ್ಲಿ ಅದು ಬಾಲ್ಯದಲ್ಲಿಯೇ ನಿರುಪಯೋಗಿಯಾಗುತ್ತದೆ. ಕಸ ಹುಟ್ಟುವುದು ಹೆಚ್ಚು, ಗುಡಿಸುವುದು ಕಡಿಮೆ. ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ ಥಲಸ್ಸೀಮಿಯ ರೋಗಿಗಳಲ್ಲಿ ರಕ್ತನಾಳದೊಳಗೆ ಹೆಪ್ಪು ಕಟ್ಟುವ ಅಪಾಯ ಹೆಚ್ಚುವುದಕ್ಕೂ ಇದು ಒಂದು ಕಾರಣವೆನ್ನಲಾಗಿದೆ.

ಹೈಡ್ರಾಕ್ಸಿಯೂರಿಯ ಎಂಬ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ನಿತ್ಯ ಸೇವಿಸಿದರೆ, ಗರ್ಭಸ್ಥ ಶಿಶುವಿನಲ್ಲಿರುವ ಬಗೆಯ ಹಿಮೋಗ್ಲೋಬಿನ್ ಹೆಚ್ಚಿ, ಕಣಗಳು ಬಾಗುವುದು ಕಡಿಮೆಯಾಗುತ್ತದೆ. ಧಾರಾಳವಾಗಿ ನೀರು ಕುಡಿಯುವುದು, ಚಳಿ ಮತ್ತು ಅತಿಯಾದ ದಣಿವಿನಿಂದ ದೂರವಿರುವುದು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು ಇವೂ ಅಷ್ಟೇ ಮುಖ್ಯ. ತಂದೆ ತಾಯಿ ಇಬ್ಬರೂ ಜೀನಿನ ವಾಹಕರಾಗಿದ್ದಲ್ಲಿ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ಶೇಕಡ 25. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುವುದರಿಂದ, ಪರೀಕ್ಷೆಯಿಲ್ಲದೆ ತಾವು ವಾಹಕರೆಂದು ಅವರಿಗೆ ತಿಳಿಯುವುದಿಲ್ಲ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿ, 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆಯನ್ನು ಗುರಿಯಾಗಿ ಇಟ್ಟುಕೊಂಡಿತು. ಅದು ಆಯ್ದುಕೊಂಡ 17 ರಾಜ್ಯಗಳಲ್ಲಿ ಗುಜರಾತ್ ಮತ್ತು ಕರ್ನಾಟಕ ಎರಡೂ ಸೇರಿವೆ.

ಡೆಂಗೆ ಜ್ವರ ಮತ್ತು ಎಣಿಕೆಯ ಭಯ

ಆರೋಗ್ಯವಂತರ ರಕ್ತದ ಪ್ರತಿ ಮೈಕ್ರೋಲೀಟರಿನಲ್ಲಿ 1,50,000ದಿಂದ 4,50,000 ಕಿರುತಟ್ಟೆಗಳಿರುತ್ತವೆ. ಡೆಂಗೆ ಜ್ವರದಲ್ಲಿ ಈ ಸಂಖ್ಯೆ ಕುಸಿಯುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಮಳೆಗಾಲ ಬಂದಿತೆಂದರೆ ಪ್ಲೇಟ್‌ಲೆಟ್ ಎಷ್ಟಿದೆ ಎಂಬ ಪ್ರಶ್ನೆ ಮನೆಮನೆಯಲ್ಲಿ ಕೇಳಿಬರುತ್ತದೆ. 50,000 ಎಂದು ವರದಿ ಬಂದ ಕೂಡಲೇ ಬಂಧುಗಳು ರಕ್ತನಿಧಿಯಿಂದ ರಕ್ತನಿಧಿಗೆ ಓಡುವುದುಂಟು. ಈ ಓಟ ಬಹುಮಟ್ಟಿಗೆ ಅನಗತ್ಯವಾದುದು.

ಡೆಂಗೆಯಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ರಕ್ತಸ್ರಾವವಲ್ಲ. ನಾಳಗಳ ಗೋಡೆ ಸಡಿಲವಾಗಿ ಪ್ಲಾಸ್ಮಾ ಹೊರಕ್ಕೆ ಒಸರುವುದು. ಇದರಲ್ಲಿಯೂ ಪೊರೆಚೀಲಗಳ ಕೈವಾಡವಿದೆ. ವೈರಸ್ಸಿನಿಂದ ಕೆರಳಿದ ಕಿರುತಟ್ಟೆಗಳು ಉರಿಯೂತ ಉಂಟುಮಾಡುವ ಇಂಟರ್‌ಲ್ಯೂಕಿನ್ ಎಂಬ ಪ್ರೋಟೀನನ್ನು ಚೀಲಗಳಲ್ಲಿ ತುಂಬಿ ಬಿಡುತ್ತವೆಂದೂ, ಆ ಚೀಲಗಳು ನಾಳದ ಒಳಪದರದ ಸೋರಿಕೆಯನ್ನು ಹೆಚ್ಚಿಸುತ್ತವೆಂದೂ ಬ್ರೆಜಿಲ್ಲಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಮುಂಬಯಿಯ ರಾಷ್ಟ್ರೀಯ ಪ್ರತಿರಕ್ಷಾ ರಕ್ತವಿಜ್ಞಾನ ಸಂಸ್ಥೆಯ ಸಂಶೋಧಕರೂ ಡೆಂಗೆ ರೋಗಿಗಳ ರಕ್ತದಲ್ಲಿ ಈ ಚೀಲಗಳನ್ನು ಎಣಿಸಿ, ರೋಗದ ಮುಂದಿನ ಗತಿಯನ್ನು ಅವುಗಳಿಂದ ತಿಳಿಯಬಹುದೇ ಎಂದು ಪರಿಶೀಲಿಸಿದ ಅಧ್ಯಯನವನ್ನು 2018ರಲ್ಲಿ ಹೊರತಂದರು. ಕಿರುತಟ್ಟೆಗಳ ಸಂಖ್ಯೆ ಒಂದೇ ಆಗಿದ್ದರೂ ಒಬ್ಬ ರೋಗಿಗೆ ರಕ್ತ ಸೋರುವುದು, ಇನ್ನೊಬ್ಬನಿಗೆ ಸೋರದಿರುವುದು ಏಕೆಂಬ ಪ್ರಶ್ನೆ ವೈದ್ಯರನ್ನು ಬಹುಕಾಲದಿಂದ ಕಾಡಿದೆ. ಚೀಲಗಳ ಎಣಿಕೆ ಅದಕ್ಕೆ ಉತ್ತರವಾದೀತೆಂಬ ಆಸೆ ಇದೆ. ಆದರೆ ದಿನನಿತ್ಯದ ಪರೀಕ್ಷೆಯಾಗಿ ಅದು ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ. ಬರುವುದು ಸುಲಭವೂ ಅಲ್ಲ: ರಕ್ತ ತೆಗೆಯುವ ಸೂಜಿ, ಕೊಳವೆ ಅಲುಗಿದ ಬಗೆ, ಎಷ್ಟು ಹೊತ್ತಿನ ಮೇಲೆ ಯಂತ್ರಕ್ಕೆ ಹಾಕಿದರು ಎಂಬುದು, ಇವೆಲ್ಲವೂ ಎಣಿಕೆಯನ್ನು ಬದಲಿಸಿಬಿಡುತ್ತವೆ. ಕೊಳವೆಯನ್ನು ಜೋರಾಗಿ ಕುಲುಕಿದರೆ ಸಾಕು, ರೋಗಿಯಲ್ಲಿ ಇಲ್ಲದ ಧೂಳು ಕೊಳವೆಯಲ್ಲಿ ಹುಟ್ಟುತ್ತದೆ.

ಆದುದರಿಂದ ಸದ್ಯಕ್ಕೆ ಗಮನಿಸಬೇಕಾದುದು ರೋಗಿಯ ಸ್ಥಿತಿಯನ್ನು. ಜ್ವರ ಇಳಿಯುವ ವೇಳೆಗೇ ಅಪಾಯದ ಕಾಲ ಆರಂಭವಾಗುವುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ನಿಸ್ತ್ರಾಣ ಅಥವಾ ಚಡಪಡಿಕೆ ಕಂಡಲ್ಲಿ ತಕ್ಷಣವೇ ಆಸ್ಪತ್ರೆಗೆ ಸೇರಿಸಬೇಕು. ರಕ್ತಸ್ರಾವವಿಲ್ಲದ ರೋಗಿಗೆ ಸಂಖ್ಯೆ 10,000ಕ್ಕಿಂತ ಕೆಳಗಿಳಿಯದ ಹೊರತು ಕಿರುತಟ್ಟೆಗಳನ್ನು ಮುಂಜಾಗ್ರತೆಗಾಗಿ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲಾಗದು. ಒಮ್ಮೆ ಆಸ್ಪಿರಿನ್ ತಾಗಿದ ಕಿರುತಟ್ಟೆಯು ತನ್ನ 7ರಿಂದ 10 ದಿನಗಳ ಆಯುಷ್ಯದಲ್ಲಿ ಮತ್ತೆ ಮೊದಲಿನಂತಾಗುವುದಿಲ್ಲ.

ರಕ್ತನಿಧಿಯ ಚೀಲದೊಳಗೆ

ದಾನಿಯಿಂದ ಪಡೆದ ರಕ್ತದಿಂದ ಬೇರ್ಪಡಿಸಿದ ಕಿರುತಟ್ಟೆಗಳನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸದಾ ಮೆಲ್ಲಗೆ ತೂಗಾಡುವ ಯಂತ್ರದ ಮೇಲಿಟ್ಟು 5 ದಿನಗಳವರೆಗೆ ಮಾತ್ರ ಕಾಪಾಡಬಹುದು. ಕೆಂಪು ಕಣಗಳನ್ನಾದರೆ ಶೀತಕದಲ್ಲಿ, ಬಳಸುವ ದ್ರಾವಣಕ್ಕೆ ಅನುಗುಣವಾಗಿ, 35 ಅಥವಾ 42 ದಿನ ಇಡಬಹುದು. ಕಾದಿರಿಸಿದ ದಿನಗಳು ಹೆಚ್ಚಿದಂತೆಲ್ಲ ಎರಡು ಬಗೆಯ ಕಣಗಳೂ ಪೊರೆಚೀಲಗಳನ್ನು ಹೆಚ್ಚು ಹೆಚ್ಚು ಕಳಚುತ್ತ ಹೋಗುತ್ತವೆ. ಕಿರುತಟ್ಟೆಗಳನ್ನು ಹೆಚ್ಚು ದಿನ ಸಂಗ್ರಹಿಸಿಡಲಾಗದ ಕಾರಣ, ಅಪಘಾತ ಅಥವಾ ಕ್ಯಾನ್ಸರ್ ರೋಗಿಗೆ ಅವು ಬೇಕಾದಾಗ ಐದು ದಿನಗಳ ಒಳಗೆ ಯಾರಾದರೂ ದಾನ ಮಾಡಿರಬೇಕಾಗುತ್ತದೆ. ಡೆಂಗೆಯ ಕಾಲದಲ್ಲಿ ಭಯದಿಂದ ಕೊಡಿಸಿದ ಪ್ರತಿ ಚೀಲವೂ ಇಂಥವರ ಪಾಲಿನಿಂದ ಹೋಗುವಂಥದು. ಭಾರತದಲ್ಲಿ ಹಣಕ್ಕಾಗಿ ರಕ್ತ ನೀಡುವುದು 1998ರ ಜನವರಿ 1ರಿಂದ ನಿಷಿದ್ಧವಾಗಿದೆ. 18ರಿಂದ 65 ವರ್ಷದೊಳಗಿನ ಆರೋಗ್ಯವಂತ ಪುರುಷರು 3 ತಿಂಗಳಿಗೊಮ್ಮೆ, ಸ್ತ್ರೀಯರು 4 ತಿಂಗಳಿಗೊಮ್ಮೆ ರಕ್ತದಾನ ಮಾಡಬಹುದು.

ಇತ್ತೀಚಿನ ವರ್ಷಗಳಲ್ಲಿ ಎಕ್ಸೋಸೋಮ್ ಎಂಬ ಪದ ಪ್ರಯೋಗಾಲಯದಿಂದ ಹೊರಬಿದ್ದು, ಕೂದಲು ಬೆಳೆಸುವ, ಚರ್ಮದ ಸುಕ್ಕು ತೆಗೆಯುವ, ಮಂಡಿನೋವು ವಾಸಿ ಮಾಡುವ ಜಾಹೀರಾತುಗಳನ್ನು ಸೇರಿದೆ. ಇಂಥ ಚುಚ್ಚುಮದ್ದಿನಿಂದ ಕೆಲವು ರೋಗಿಗಳಿಗೆ ಗಂಭೀರ ತೊಂದರೆಯಾದ ವರದಿಗಳು ಬಂದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿತು. ತಾನು ಯಾವುದೇ ಎಕ್ಸೋಸೋಮ್ ಉತ್ಪನ್ನಕ್ಕೆ ಅನುಮೋದನೆ ನೀಡಿಲ್ಲವೆಂದು ಅದರಲ್ಲಿ ಸ್ಪಷ್ಟಪಡಿಸಿತು. ಒಂದು ಕೋಶದ ಚೀಲ ಇನ್ನೊಂದು ಕೋಶಕ್ಕೆ ಆರ್‌ಎನ್‌ಎ, ಪ್ರೋಟೀನು, ಹೆಪ್ಪುಗಟ್ಟಿಸುವ ಶಕ್ತಿ ಇವನ್ನೆಲ್ಲ ಒಯ್ಯಬಲ್ಲದೆಂದ ಮೇಲೆ, ಯಾವ ಕೋಶದಿಂದ ಬಂದಿತೆಂದು ತಿಳಿಯದ ಚೀಲಗಳನ್ನು ದೇಹಕ್ಕೆ ಸೇರಿಸಿಕೊಳ್ಳುವುದು ಹಗುರವಾದ ವಿಷಯವಲ್ಲ. ಅಂಥ ಚಿಕಿತ್ಸೆಯ ಸಲಹೆ ಬಂದಲ್ಲಿ, ಆ ಉತ್ಪನ್ನವು ಯಾವ ಮೂಲದ್ದು, ದೇಶದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟಿದ್ದಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವ ಹಕ್ಕು ರೋಗಿಗೆ ಇದೆ.